ಒಂದೇ ಎಣ್ಣೆ, ಬೇರೆ ಬೇರೆ ಮೈ

ಕೊಪ್ಪಳ ಜಿಲ್ಲೆಯ ವೀಕ್ಷಕರೇ, ಗಂಗಾವತಿಯ ಭತ್ತದ ಗದ್ದೆಯಲ್ಲೋ ಕುಷ್ಟಗಿ, ಯಲಬುರ್ಗಾದ ದಾಳಿಂಬೆ ತೋಟದಲ್ಲೋ ಇಬ್ಬರು ಒಂದೇ ಎಣ್ಣೆ ಹೊಡೆಯುತ್ತಾರೆ ಎನ್ನಿ. ಒಬ್ಬರಿಗೆ ಏನೂ ಆಗದೆ, ಇನ್ನೊಬ್ಬರಿಗೆ ತಲೆಸುತ್ತು, ವಾಕರಿಕೆ ಬರಬಹುದು. ಅದನ್ನು ಮೈಗಳ್ಳತನವೆಂದು ಹಳಿಯದಿರಿ.

ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕ ದೇಹದೊಳಗೆ ಇನ್ನೂ ತೀಕ್ಷ್ಣವಾದ ವಿಷವಾಗಿ ಮಾರ್ಪಟ್ಟು, ನರಗಳ ಸಂದೇಶವನ್ನು ಹೊತ್ತಿಗೆ ಸರಿಯಾಗಿ ನಿಲ್ಲಿಸುವ ಕಿಣ್ವವನ್ನು ಕಟ್ಟಿಹಾಕುತ್ತದೆ. ಈ ವಿಷವನ್ನು ಒಡೆಯಲು ಪಿತ್ತಜನಕಾಂಗವು ಪ್ಯಾರಾಕ್ಸೊನೇಸ್ ಎಂಬ ಇನ್ನೊಂದು ಕಿಣ್ವವನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಅದನ್ನು ತಯಾರಿಸುವ ಸೂಚನೆ ಇರುವುದು ಪಾನ್-1 ಎಂಬ ಜೀನ್‌ನಲ್ಲಿ. ತಂದೆತಾಯಿಯಿಂದ ಬರುವ ಈ ಜೀನ್‌ನ ರೂಪ ಎಲ್ಲರಲ್ಲೂ ಒಂದೇ ಅಲ್ಲ. ಕಿಣ್ವದ ಪ್ರಮಾಣವೂ ಒಬ್ಬರಿಗಿಂತ ಇನ್ನೊಬ್ಬರಲ್ಲಿ 10 ಪಟ್ಟಿಗೂ ಮೀರಿ ಹೆಚ್ಚಿರಬಹುದು. ಹಸುಗೂಸುಗಳಲ್ಲಂತೂ ಅದು ತೀರ ಕಡಿಮೆ.

ಜೀನ್ ಒಂದೇ ಕಾರಣವಲ್ಲ. ಒಳಹೊಕ್ಕ ವಿಷದ ಪ್ರಮಾಣವೂ ಮುಖ್ಯ. ಆದರೆ ಗಟ್ಟಿಮುಟ್ಟಾದ ಮೈ ನೋಡಿ ಇದನ್ನೆಲ್ಲ ಅಳೆಯಲಾಗದು. ಆದ್ದರಿಂದ ‘ಅವನಿಗೇನೂ ಆಗಲಿಲ್ಲ’ ಎಂಬ ಮಾತು ನಿಮಗೆ ರಕ್ಷೆಯಲ್ಲ. ಕೈಗವಸು, ಮುಖಗವಸು ಎಲ್ಲರಿಗೂ ಬೇಕು, ಮಕ್ಕಳು ದೂರವಿರಬೇಕು. ತಲೆಸುತ್ತು ಬಂದವರನ್ನು ಕೂಡಲೇ ಹೊಲದಿಂದ ಹೊರತಂದು, ಬಟ್ಟೆ ಬದಲಿಸಿ, ಮೈ ತೊಳೆದು, ಡಬ್ಬಿಯ ಚೀಟಿಯೊಂದಿಗೆ ಆಸ್ಪತ್ರೆಗೆ ಕರೆದೊಯ್ಯಿರಿ.