ಅಂಗಳದ ಡೇರೆ: ಗೆಡ್ಡೆ ಮಲಗುವ ಕಾಲ ತಿಳಿದರೆ ಹೂ ನಮ್ಮದು

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಆಗಸ್ಟ್ ತಿಂಗಳಲ್ಲಿ ತಿರುಗಾಡಿ ನೋಡಿ. ಮನೆ ಸಣ್ಣದಿರಲಿ ದೊಡ್ಡದಿರಲಿ, ಅಂಗಳದ ಅಂಚಿಗೆ ಡೇರೆ ಹೂ ಇಲ್ಲದ ಮನೆ ಕಡಿಮೆ. ಕೆಂಪು, ಹಳದಿ, ಬಿಳಿ, ನೇರಳೆ, ಎರಡು ಬಣ್ಣದ್ದು, ಅಂಗೈ ಅಗಲದ್ದು, ನಿಂಬೆಹಣ್ಣಿನಷ್ಟು ದುಂಡಗಿನದು. ನೀಲಿ ಒಂದು ಬಿಟ್ಟು ಉಳಿದೆಲ್ಲ ಬಣ್ಣ ಇದರಲ್ಲಿ ಸಿಗ್ತದೆ. ತೋಟದ ಲೆಕ್ಕ ಗಂಡಸರದ್ದಾದರೆ ಅಂಗಳದ ಲೆಕ್ಕ ಹೆಂಗಸರದ್ದು. ಆ ಲೆಕ್ಕ ಬರೆದಿಡುವವರು ಯಾರೂ ಇಲ್ಲ. ಅದಕ್ಕೇ ಇಲ್ಲಿ ಸ್ವಲ್ಪ ಬರೆದಿದ್ದೇನೆ.

ಎಲ್ಲ ಗೆಡ್ಡೆಯೂ ನಮ್ಮೂರಿಗಲ್ಲ

ಚಿತ್ರ ನೋಡಿ ಟ್ಯುಲಿಪ್, ಡ್ಯಾಫೋಡಿಲ್ ಗೆಡ್ಡೆ ತರಿಸುವವರು ಈಗ ಜಾಸ್ತಿ. ಟ್ಯುಲಿಪ್ ಗೆಡ್ಡೆಗೆ ಮೂರು ತಿಂಗಳಿಗೂ ಮಿಕ್ಕಿ ಹತ್ತು ಡಿಗ್ರಿಗಿಂತ ಕೆಳಗಿನ ಚಳಿ ಬೇಕು. ಆ ಚಳಿಯಲ್ಲೇ ಅದು ನಿದ್ದೆ ಮುಗಿಸಿ ಹೂವಿಗೆ ತಯಾರಾಗುವುದು. ಶ್ರೀನಗರದಲ್ಲಿ ಬರ್ತದೆ, ಅಲ್ಲಿ ಹಿಮ ಬೀಳ್ತದೆ. ನಮ್ಮಲ್ಲಿ ಫ್ರಿಜ್ಜಿನಲ್ಲಿಟ್ಟು ಒಂದು ಸಲ ಹೂ ಬಿಡಿಸಬಹುದು, ಮರುವರ್ಷ ಗೆಡ್ಡೆ ಉಳಿಯುವುದಿಲ್ಲ.

ನಮಗೆ ಬೇಕಾದ್ದು ಬೇಸಿಗೆಯ ಒಣಗಿನಲ್ಲಿ ಮಲಗಿ, ಮೊದಲ ಮಳೆಗೆ ಏಳುವ ಗೆಡ್ಡೆ. ಡೇರೆ ಅಂಥದ್ದು. ಇದರ ತವರು ಮೆಕ್ಸಿಕೋದ ಎತ್ತರದ ನಾಡು. ಅಲ್ಲಿಯೂ ಜೂನ್ ಹೊತ್ತಿಗೆ ಮಳೆ ಹಿಡಿದು ಅಕ್ಟೋಬರಿಗೆ ಬಿಡ್ತದೆ, ಆಮೇಲೆ ಒಣಗು. 1789ರಲ್ಲಿ ಅಲ್ಲಿಂದ ಸ್ಪೇನಿನ ಮ್ಯಾಡ್ರಿಡ್‌ಗೆ ಬಂದ ಗಿಡಕ್ಕೆ ಸ್ವೀಡನ್ನಿನ ಸಸ್ಯಶಾಸ್ತ್ರಿ ಆಂಡರ್ಸ್ ಡಾಲ್ ಎಂಬವರ ಹೆಸರಿನಿಂದ ಡಾಲಿಯಾ ಎಂದರು. ನಮ್ಮ ಅಕ್ಕ-ತಂಗಿಯರ ಬಾಯಲ್ಲಿ ಅದು ಡೇರೆ.

ಕಾಲ ಹೊಂದಿತು, ಆದರೆ ಮಳೆಯ ಲೆಕ್ಕ ಹೊಂದಲಿಲ್ಲ. ಘಟ್ಟದ ಅಂಚಿನ ಊರುಗಳಲ್ಲಿ ಸುರಿಯುವ ಮಳೆ ಅದರ ತವರಿನ ಎರಡು ಮೂರು ಪಟ್ಟು. ಹಾಗಾಗಿ ಇಲ್ಲಿ ಡೇರೆ ಸಾಕುವುದೆಂದರೆ ಮಳೆಗಾಲದಲ್ಲಿ ನೀರಿನಿಂದಲೂ ಬೇಸಿಗೆಯಲ್ಲಿ ಒಣಗಿನಿಂದಲೂ ಗೆಡ್ಡೆ ಕಾಯುವ ಕೆಲಸ.

ಕಣ್ಣಿರುವುದು ಕುತ್ತಿಗೆಯಲ್ಲಿ

ಬಟಾಟೆಗೆ ಮೈಯೆಲ್ಲ ಕಣ್ಣು. ಡೇರೆಗೆ ಹಾಗಲ್ಲ. ಹಳೇ ದಂಟು ಗೆಡ್ಡೆಗೆ ಕೂಡುವ ಕುತ್ತಿಗೆಯಲ್ಲಿ ಮಾತ್ರ ಕಣ್ಣು. ಕುತ್ತಿಗೆ ಮುರಿದ ಗೆಡ್ಡೆ ಎಷ್ಟು ದಪ್ಪಗಿದ್ದರೂ ಮೊಳೆಯುವುದಿಲ್ಲ. ನೆಂಟರ ಮನೆಯಿಂದ ಚೀಲದಲ್ಲಿ ಬಡಿದಾಡಿಕೊಂಡು ಬಂದ ಗೆಡ್ಡೆ ಏಳದೇ ಹೋಗುವುದು ಹೆಚ್ಚಾಗಿ ಈ ಕಾರಣಕ್ಕೆ. ಕೈ ಗುಣದ ದೋಷವಲ್ಲ.

ಏಪ್ರಿಲ್ ಕೊನೆಗೆ ಗೆಡ್ಡೆಗಳನ್ನು ಹಸಿ ಮರಳಿನ ಮೇಲೆ ನೆರಳಲ್ಲಿಟ್ಟರೆ ಕಣ್ಣು ಉಬ್ಬಿ ಕಾಣ್ತದೆ. ಆಗ ಚೂಪು ಚಾಕುವಿನಲ್ಲಿ, ಒಂದೊಂದು ತುಂಡಿಗೂ ಕಣ್ಣಿರುವ ಕುತ್ತಿಗೆ ಬರುವಂತೆ ಸೀಳಬೇಕು. ಗಾಯಕ್ಕೆ ಒಲೆಬೂದಿ ಹಚ್ಚಿ ಒಂದು ದಿನ ಆರಲು ಬಿಡಿ.

ಒಂದೇ ಗೆಡ್ಡೆ ಇದ್ದರೂ ಚಿಂತೆ ಬೇಡ. ಮೊಳಕೆ ಮೂರು ಅಂಗುಲ ಆದಾಗ ಬುಡದ ಹತ್ತಿರ ಕತ್ತರಿಸಿ ಮರಳಿಗೆ ಊರಿದರೆ ಎರಡು ಮೂರು ವಾರಕ್ಕೆ ಬೇರು ಬರ್ತದೆ. ಆ ಗಿಡ ಅದೇ ವರ್ಷ ಹೂ ಬಿಟ್ಟು ಗೆಡ್ಡೆಯನ್ನೂ ಕಟ್ತದೆ. ತಾಯಿಗೆಡ್ಡೆ ಮತ್ತೆ ಮೊಳೀತದೆ. ಹೀಗೆ ಒಂದರಿಂದ ಐದಾರು ಗಿಡ ಮಾಡಬಹುದು.

ನೆಡುವ ರೀತಿ

ಮೇ ಕೊನೆ, ಜೂನ್ ಮೊದಲ ವಾರ ನೆಡುವ ಕಾಲ. ನೆಲದಲ್ಲಾದರೆ ಒಂದು ಮೊಳ ಎತ್ತರದ ಏರಿ ಮಾಡಲೇಬೇಕು. ಮಣ್ಣು, ಮರಳು, ಹಳೇ ಕೊಟ್ಟಿಗೆ ಗೊಬ್ಬರ ಸಮ ಸಮ. ಹಸಿ ಗೊಬ್ಬರ, ಯೂರಿಯಾ ಹೆಚ್ಚಾದರೆ ಎಲೆ ಸೊಂಪಾಗಿ ಬರ್ತದೆ, ಹೂ ಕಡಿಮೆ, ಗೆಡ್ಡೆ ಮೆತ್ತಗಾಗಿ ಕೊಳೀತದೆ. ಬೂದಿ ಒಳ್ಳೆಯದು. ಹಳೇ ಬಕೆಟ್, ಡಬ್ಬ, ಪ್ಲಾಸ್ಟಿಕ್ ಚೀಲ ಯಾವುದಾದರೂ ಆದೀತು, ತಳದ ತೂತು ಕಟ್ಟಿರಬಾರದು. ಘಟ್ಟದ ಅಂಚಿನ ಊರಲ್ಲಿ ಕುಂಡವನ್ನು ಮಾಡಿನ ನೀರು ಬೀಳದ ಕಡೆ, ಬೆಳಕಿರುವಲ್ಲಿ ಇಡಬೇಕು.

ಆಧಾರದ ಕೋಲು ಮೊದಲು ಊರಿ, ಗೆಡ್ಡೆ ಆಮೇಲೆ ನೆಡಿ. ನಂತರ ಊರಿದರೆ ಕೋಲು ಗೆಡ್ಡೆಗೆ ಚುಚ್ಚಿ ಅಲ್ಲಿಂದಲೇ ಕೊಳೆ ಶುರುವಾಗ್ತದೆ. ಮೂರು ನಾಲ್ಕು ಜೊತೆ ಎಲೆ ಬಂದಾಗ ಕುಡಿ ಚಿವುಟಿದರೆ ಕವಲು ಹೆಚ್ಚು. ದೊಡ್ಡ ಹೂ ಬೇಕಾದವರು ನಡುವಿನ ಮೊಗ್ಗು ಉಳಿಸಿ ಅಕ್ಕಪಕ್ಕದ ಎರಡು ತೆಗೀಬೇಕು. ಬಸವನಹುಳುವಿಗೆ ಡೇರೆ ಕುಡಿ ಎಂದರೆ ಹಬ್ಬದೂಟ. ರಾತ್ರಿ ಬ್ಯಾಟರಿ ಹಿಡಿದು ಹೆಕ್ಕುವುದೇ ಗಟ್ಟಿ ಉಪಾಯ.

ಬೇಸಿಗೆಯ ಕಾವಲು

ಡಿಸೆಂಬರ್ ಹೊತ್ತಿಗೆ ಗಿಡ ಒಣಗ್ತದೆ. ಹಸಿರಿರುವಾಗ ಕತ್ತರಿಸಬೇಡಿ, ಗೆಡ್ಡೆ ಬಲಿಯುವುದು ಆಗಲೇ. ಪೂರಾ ಒಣಗಿದ ಮೇಲೆ ನಾಲ್ಕು ಬೆರಳು ದಂಟು ಬಿಟ್ಟು ಕೊಯ್ದು, ಬುಡದಿಂದ ಒಂದಡಿ ದೂರದಲ್ಲಿ ಗುದ್ದಲಿ ಹಾಕಿ ಎಬ್ಬಿಸಿ. ದಂಟು ಟೊಳ್ಳು, ಅದರಲ್ಲಿ ನೀರು ನಿಂತಿರ್ತದೆ. ಗೆಡ್ಡೆಯನ್ನು ತಲೆಕೆಳಗು ಮಾಡಿ ಎರಡು ದಿನ ನೆರಳಲ್ಲಿಟ್ಟರೆ ಇಳಿದುಹೋಗ್ತದೆ.

ಮುಂದಿನ ಕ್ರಮ ಊರಿನ ಮೇಲೆ ಹೋಗ್ತದೆ. ತೋಟದ ಮಗ್ಗುಲ ಮನೆಗಳಲ್ಲಿ ತಂಪು ಜಾಸ್ತಿ. ಅಲ್ಲಿ ಗೆಡ್ಡೆ ಕುಂಡದಲ್ಲೇ ಬಿಟ್ಟು, ನೀರು ನಿಲ್ಲಿಸಿ, ಜಗುಲಿ ಮೂಲೆಗಿಟ್ಟರೆ ಸಾಕು. ನಮ್ಮ ಬನವಾಸಿ ಕಡೆಯ ಬಯಲು ಹೊಲದ ಮನೆಗಳಲ್ಲಿ ಮಾರ್ಚ್ ಬಿಸಿಲಿಗೆ ಗೆಡ್ಡೆ ಸುಕ್ಕಿ ಕಡ್ಡಿಯಾಗ್ತದೆ. ಇಲ್ಲಿ ಬುಟ್ಟಿಯಲ್ಲಿ ಮರಳು, ಬೂದಿ ಬೆರೆಸಿ ಹುಗಿದು, ನೀರಿನ ಕೊಡ ಇಡುವ ತಂಪು ಮೂಲೆಯಲ್ಲಿ ಇಡುವುದು ಲೇಸು. ತಿಂಗಳಿಗೊಮ್ಮೆ ತೆಗೆದು ನೋಡಬೇಕು. ಸುಕ್ಕಿದ್ದರೆ ಮರಳಿಗೆ ನೀರು ಚಿಮುಕಿಸಿ. ಕೊಳೆತ ಭಾಗ ಇದ್ದರೆ ಕೊಯ್ದು ಬೂದಿ ಹಚ್ಚಿ. ಹೆಗ್ಗಣದ ಕಾಟಕ್ಕೆ ಬುಟ್ಟಿಯ ಮೇಲೆ ಜಾಲರಿ ಇರಲಿ.

ಜೊತೆಗೆ ಇರಲಿ ಇವೂ

ಡೇರೆಯಷ್ಟು ಕಾವಲು ಬೇಡದ ಗೆಡ್ಡೆಗಳೂ ಇವೆ. ಚೆಂಡಿನಂಥ ಕೆಂಪು ಹೂವಿನ ಮೇ ಫ್ಲವರ್ ಒಮ್ಮೆ ನೆಟ್ಟರೆ ವರ್ಷ ವರ್ಷ ಮೊದಲ ಮಳೆಗೆ ತಾನೇ ಏಳ್ತದೆ. ಬಚ್ಚಲು ನೀರು ಹರಿಯುವಲ್ಲಿ ಕಾಬಾಳೆ, ಸುರುಳಿ ಹೂ ಹಾಕಿದರೆ ನೀರೂ ಇಂಗ್ತದೆ, ಹೂವೂ ಸಿಗ್ತದೆ. ಸುಗಂಧರಾಜಕ್ಕೆ ಬಿಸಿಲು ಬೇಕು, ನಮ್ಮ ಬಯಲು ಕಡೆಗೆ ಅದು ವಾಸಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಶೃಂಗಾರ್, ಪ್ರಜ್ವಲ್ ತಳಿಗಳು ಒಂಟಿ ಎಸಳಿನವು, ಬಿಡಿ ಹೂವಿಗೆ ಒಳ್ಳೆಯವು. ಚೌತಿ ಹೊತ್ತಿಗೆ ಬೇಲಿಯಲ್ಲಿ ಅರಳುವ ಗೌರಿ ಹೂವಿನ ಗೆಡ್ಡೆ ನೇಗಿಲಿನ ಹಾಗೆ ಬಾಗಿರ್ತದೆ, ಅದಕ್ಕೇ ಸಂಸ್ಕೃತದಲ್ಲಿ ಲಾಂಗಲಿ. ಚಂದ ಹೌದು, ಆದರೆ ಗೆಡ್ಡೆ ಕಡುವಿಷ. ತಿನ್ನುವ ಗೆಡ್ಡೆಗಳ ಹತ್ತಿರ ಅದನ್ನು ಇಡಬೇಡಿ, ಮಕ್ಕಳಿಗೂ ಹೇಳಿಡಿ.

ಕೊಡಿ, ರೋಗ ಕೊಡಬೇಡಿ

ಡೇರೆ ಬೀಜದಿಂದಲೂ ಬರ್ತದೆ. ಆದರೆ ಹುಟ್ಟಿದ ಗಿಡ ತಾಯಿಯ ಹಾಗೆ ಇರುವುದಿಲ್ಲ, ಬಣ್ಣ ಬೇರೆ, ಎಸಳು ಬೇರೆ. ಅದೇ ಹೂ ಬೇಕೆಂದರೆ ಗೆಡ್ಡೆಯಿಂದ ಅಥವಾ ಕುಡಿಯಿಂದಲೇ ಆಗಬೇಕು. ಅಂದರೆ ಅಜ್ಜಿ ಕಾಲದ ಒಂದು ಬಣ್ಣ ಒಂದೇ ಮನೆಯಲ್ಲಿದ್ದು, ಆ ಮನೆಯ ಗೆಡ್ಡೆ ಒಂದು ಮಳೆಗಾಲಕ್ಕೆ ಕೊಳೆತರೆ, ಆ ಬಣ್ಣ ಮುಗಿದ ಹಾಗೆಯೇ. ಮತ್ತೆ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಇದು ಬರೀ ಹೆದರಿಕೆಯ ಮಾತಲ್ಲ. 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ಮನೆ, ತೋಟಗಳಿಗೆ ಹಾನಿಯಾಯಿತು. ಅಂಥಲ್ಲಿ ತೋಟಕ್ಕಾದರೆ ಪರಿಹಾರದ ಅರ್ಜಿ ಉಂಟು, ಅಂಗಳದ ಹೂವಿಗೆ ಯಾವ ಅರ್ಜಿ? ನೆಂಟರ ಮನೆಗೆ ಕೊಟ್ಟದ್ದು ಮಾತ್ರ ಉಳಿದೀತು. ಗುಡ್ಡ ಕುಸಿಯಬೇಕೆಂದೂ ಇಲ್ಲ. ಮಕ್ಕಳು ಬೆಂಗಳೂರು ಸೇರಿ, ವಯಸ್ಸಾದವರು ಅವರ ಹಿಂದೆ ಹೋಗಿ ಬಾಗಿಲು ಹಾಕಿದ ಮನೆಗಳ ಅಂಗಳದಲ್ಲೂ ಇದೇ ಆಗ್ತಿದೆ.

ಕೊಡು-ಕೊಳ್ಳುವ ಪದ್ಧತಿ ನಮ್ಮಲ್ಲಿ ಹಳೆಯದು. ತವರಿಗೆ ಹೋದವರು ಗೆಡ್ಡೆ ಕಟ್ಟಿಕೊಂಡೇ ಬರುವುದು. 2001ರಲ್ಲಿ ಶುರುವಾದ ವನಸ್ತ್ರೀ ಸಂಘಟನೆಯವರು ಶಿರಸಿಯಲ್ಲಿ ಮಳೆಗಾಲದ ಮುಂಚೆ ನಡೆಸುತ್ತ ಬಂದ ಮಲೆನಾಡ ಮೇಳ ಈ ಪದ್ಧತಿಗೆ ಒಂದು ಜಾಗ ಮಾಡಿಕೊಟ್ಟಿತು. ತರಕಾರಿ ಬೀಜದ ಪಕ್ಕದಲ್ಲೇ ಹೂವಿನ ಗಿಡ, ಗೆಡ್ಡೆ. ಮಾರಿದ ಹೆಂಗಸರ ಕೈಗೆ ನಾಲ್ಕು ಕಾಸು.

ಒಂದು ಎಚ್ಚರ ಮಾತ್ರ ಬೇಕು. ಎಲೆಯ ನರದ ಪಕ್ಕ ಹಳದಿ ಪಟ್ಟೆ ಬಂದು, ಎಲೆ ಮುದುಡಿ, ಗಿಡ ಗಿಡ್ಡಾದರೆ ಅದು ಮೊಸಾಯಿಕ್ ನಂಜು. ಹೇನು ಅದನ್ನು ಗಿಡದಿಂದ ಗಿಡಕ್ಕೆ ಹಬ್ಬಿಸ್ತದೆ, ಗೆಡ್ಡೆಯೊಳಗೂ ಅದು ಕೂತಿರ್ತದೆ. ಮದ್ದಿಲ್ಲ. ಎಷ್ಟು ಚಂದದ ಬಣ್ಣವಾದರೂ ಕಿತ್ತು ಸುಡಬೇಕು. ಹೂ ಇರುವಾಗಲೇ ಒಳ್ಳೇ ಗಿಡಕ್ಕೆ ದಾರ ಕಟ್ಟಿ ಗುರುತು ಮಾಡಿ, ಆ ಗಿಡದ ಗೆಡ್ಡೆಯನ್ನೇ ಹಂಚಿ. ಕೊಡುವಾಗ ಒಂದು ಚೀಟಿಯಲ್ಲಿ ಬಣ್ಣ, ಬಂದ ಊರು, ವರ್ಷ ಬರೆದು ಕಟ್ಟಿ.

ಈ ವರ್ಷ ನಿಮ್ಮ ಅಂಗಳದಲ್ಲಿ ಬೇರೆಲ್ಲೂ ಕಾಣದ ಬಣ್ಣ ಯಾವುದಿದೆ ನೋಡಿ. ಅದರ ಗೆಡ್ಡೆ ಕನಿಷ್ಠ ಮೂರು ಮನೆ ಸೇರಲಿ, ಒಂದಾದರೂ ಬೇರೆ ಊರಿನದಾಗಿರಲಿ. ನಿಮ್ಮಲ್ಲಿ ಕೊಳೆತ ವರ್ಷ ಅವರಲ್ಲಿಗೆ ಹೋಗಿ ಕೇಳಬಹುದು.