ಕಚ್ಚಾ ಮಾಲು ಹೊರಡುವ ದಾರಿ: ಕೊಳ್ಳೇಗಾಲ ಸೀಮೆ ಹಿಂದುಳಿದದ್ದೇಕೆ?

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಪ್ರಸ್ತಾಪ ಬಂದಾಗಲೆಲ್ಲ ವರ್ತಕರ ವಲಯದಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. ಕಾವೇರಿ ಪಕ್ಕದಲ್ಲಿಯೇ ಹರಿಯುತ್ತಾಳೆ. ರೇಷ್ಮೆ, ಅರಿಶಿನ, ಕಬ್ಬು, ಕರಿಕಲ್ಲು ಎಲ್ಲವೂ ಇವೆ. ವಿದ್ಯಾವಂತರಿಗೂ ಮುಖಂಡರಿಗೂ ಬರವಿಲ್ಲ. ಯಳಂದೂರನ್ನು ಒಳಗೊಂಡಿದ್ದ ಅಂದಿನ ಸಂತೇಮರಹಳ್ಳಿ ಕ್ಷೇತ್ರದ ಬಿ. ರಾಚಯ್ಯನವರು ಮಂತ್ರಿಗಳಾಗಿ, ಮುಂದೆ ರಾಜ್ಯಪಾಲರೂ ಆದರು. ಕೊಳ್ಳೇಗಾಲದಿಂದ 2018ರಲ್ಲಿ ಗೆದ್ದ ಎನ್. ಮಹೇಶ್ ಅವರು ಕೆಲಕಾಲ ಶಿಕ್ಷಣ ಖಾತೆಯನ್ನೇ ನಿರ್ವಹಿಸಿದರು. ಇಷ್ಟಿದ್ದೂ ಈ ಸೀಮೆ ಏಕೆ ಹಿಂದುಳಿದಿದೆ?

ಮುಖಂಡರಿಗೆ ಇಚ್ಛಾಶಕ್ತಿಯಿಲ್ಲ, ಕಲಿತವರಿಗೆ ಊರಿನ ಅಭಿಮಾನವಿಲ್ಲ ಎಂಬುದು ಇದಕ್ಕೆ ದೊರೆಯುವ ಸಿದ್ಧ ಉತ್ತರ. ಅದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಲೆಕ್ಕದ ಪುಸ್ತಕ ತೆರೆದು ನೋಡುವ ವ್ಯಾಪಾರಿಗೆ ಬೇರೊಂದು ಸಂಗತಿ ಕಾಣುತ್ತದೆ. ಈ ಸೀಮೆ ಉತ್ಪಾದಿಸುವುದೆಲ್ಲವೂ ಬಹುಪಾಲು ಮೊದಲ ಹಂತದಲ್ಲಿಯೇ ಮಾರಾಟವಾಗಿ ಹೊರಹೋಗುತ್ತದೆ; ಬೆಲೆ ಏರುವ ಎರಡನೆಯ, ಮೂರನೆಯ ಹಂತಗಳು ಬೇರೆ ಊರುಗಳಲ್ಲಿ ನಡೆಯುತ್ತವೆ.

ದಿವಾನರ ಜಹಗೀರು

ಅಧಿಕಾರದ ಹತ್ತಿರವಿರುವುದೇ ಅಭಿವೃದ್ಧಿಯ ದಾರಿಯಾಗಿದ್ದರೆ ಯಳಂದೂರು ಇಂದು ರಾಜ್ಯದ ಮುಂಚೂಣಿಯ ಪಟ್ಟಣವಾಗಿರಬೇಕಿತ್ತು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಇದು ಜಹಗೀರಾಗಿ ದೊರೆಯಿತು. ಅವರ ವಂಶಸ್ಥರೂ ಯಳಂದೂರಿನ ಜಹಗೀರುದಾರರೂ ಆಗಿದ್ದ ಸರ್ ಪಿ.ಎನ್. ಕೃಷ್ಣಮೂರ್ತಿಯವರು 1901ರಿಂದ 1906ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದರು. ಅವರ ಆಡಳಿತಾವಧಿಯಲ್ಲಿ, 1902ರ ಜೂನ್‌ನಲ್ಲಿ, ಶಿವನಸಮುದ್ರದ ಜಲವಿದ್ಯುತ್ ಕೇಂದ್ರ ಕೆಲಸ ಆರಂಭಿಸಿತು. ಜಲಪಾತದ ಒಂದು ಕವಲಾದ ಭರಚುಕ್ಕಿ ಕೊಳ್ಳೇಗಾಲ ತಾಲ್ಲೂಕಿನಲ್ಲಿಯೇ ಇದೆ. ಆದರೆ ವಿದ್ಯುತ್ತು ಹರಿದದ್ದು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ. 1905ರಲ್ಲಿ ಅದು ಬೆಂಗಳೂರಿನ ಬೀದಿಗಳನ್ನು ಬೆಳಗಿತು.

ಇದನ್ನು ದಿವಾನರ ಉದಾಸೀನವೆಂದು ಬಗೆಯುವುದು ಸರಿಯಲ್ಲ. ಕೋಲಾರದಲ್ಲಿ ಇಡೀ ವರ್ಷ ನಿಶ್ಚಿತ ಬೆಲೆ ಕೊಟ್ಟು ವಿದ್ಯುತ್ತನ್ನು ಕೊಳ್ಳಬಲ್ಲ ಗಣಿ ಕಂಪನಿಗಳಿದ್ದವು; ಯಳಂದೂರಿನಲ್ಲಿ ಅಂತಹ ಗಿರಾಕಿ ಇರಲಿಲ್ಲ. ಕೊಳ್ಳೇಗಾಲವಂತೂ ಆಗ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಊರಿನವರೇ ದಿವಾನರಾದರೂ ಸರಕು ಹೋಗುವುದು ಗಿರಾಕಿ ಇರುವ ಕಡೆಗೇ.

ಗೂಡಿನಿಂದ ಸೀರೆಯವರೆಗೆ

ರೇಷ್ಮೆಯ ಉದಾಹರಣೆ ಇನ್ನೂ ಸ್ಪಷ್ಟ. ಮದರಾಸು ಪ್ರಾಂತದಲ್ಲಿ ರೇಷ್ಮೆ ಕೃಷಿಗೆ ಪ್ರಧಾನವಾಗಿ ಹೆಸರಾಗಿದ್ದದ್ದೇ ಕೊಳ್ಳೇಗಾಲ. ಮಳೆಯಾಶ್ರಯದ ಹೊಲದಲ್ಲಿಯೂ ಹಿಪ್ಪುನೇರಳೆ ಬೆಳೆದು, ತಿಂಗಳೊಳಗೆ ಗೂಡು ಕಟ್ಟಿಸಿ, ಕೈಗೆ ನಗದು ಪಡೆಯುವ ಪರಿಪಾಠ ಇಲ್ಲಿನ ರೈತನಿಗೆ ತಲೆಮಾರುಗಳಿಂದ ಬಂದದ್ದು. ಪಟ್ಟಣದಲ್ಲಿ ದೇವಾಂಗ ನೇಕಾರರ ಕೈಮಗ್ಗಗಳಿದ್ದವು. ಅಂದರೆ ಸರಪಣಿಯ ಮೊದಲ ಕೊಂಡಿಯೂ ಕೊನೆಯ ಕೊಂಡಿಯೂ ಒಂದೇ ಊರಿನಲ್ಲಿದ್ದವು. ಕರ್ನಾಟಕದ ಹೆಚ್ಚಿನ ಪಟ್ಟಣಗಳಿಗೆ ಇಲ್ಲದ ಅನುಕೂಲವಿದು.

ಕೊರತೆಯಾದದ್ದು ನಡುವಿನ ಕೊಂಡಿಗಳು. ಒಂದು ಕಿಲೋ ಕಚ್ಚಾ ರೇಷ್ಮೆಗೆ ಸುಮಾರು 7 ಕಿಲೋ ಮಿಶ್ರತಳಿ ಗೂಡು ಬೇಕು. ಗೂಡನ್ನು ಚರಕದಲ್ಲಿ ಬಿಚ್ಚಿದರೆ ಬರುವ ನೂಲು ಒರಟು, ಎಳೆಯ ದಪ್ಪ ಏಕರೂಪವಲ್ಲ. ಅದು ಹೆಚ್ಚಾಗಿ ಹೊಕ್ಕಿಗೆ ಸಲ್ಲುತ್ತದೆ. ಹಾಸಿಗೆ ಬೇಕಾದ ಸಮನಾದ ನೂಲು ಫಿಲೇಚರ್ ಅಥವಾ ಸ್ವಯಂಚಾಲಿತ ಯಂತ್ರದಿಂದ ಬರಬೇಕು. ಆಮೇಲೆ ಹುರಿ ಹಾಕುವುದು, ಬಣ್ಣ, ಜರಿ, ವಿನ್ಯಾಸ. ಜರಿ ಬರುವುದು ದೂರದ ಸೂರತ್ತಿನಿಂದ. ಯಳಂದೂರು ತಾಲ್ಲೂಕಿನ ಮಾಂಬಳ್ಳಿ, ಪಕ್ಕದ ಸಂತೇಮರಹಳ್ಳಿ ಮೊದಲಾದೆಡೆ ಸರ್ಕಾರಿ ಫಿಲೇಚರ್‌ಗಳು ಸ್ಥಾಪನೆಯಾದದ್ದು ಈ ನಡುವಿನ ಕೊಂಡಿಯನ್ನು ಬೆಸೆಯಲೆಂದೇ. ಅವು ನಷ್ಟದಲ್ಲಿ ಸೊರಗಿದವು. ಪುನಶ್ಚೇತನದ ಮಾತು ಚುನಾವಣೆಯಿಂದ ಚುನಾವಣೆಗೆ ಸಾಗಿಬಂತು.

ಖಾಸಗಿ ಬಂಡವಾಳವೂ ಮುಂದೆ ಬರಲಿಲ್ಲ, ಅದಕ್ಕೂ ಕಾರಣವಿದೆ. 1959ರ ಕಾಯಿದೆಯ ಪ್ರಕಾರ ಗೂಡಿನ ಮಾರಾಟ ಸರ್ಕಾರಿ ಮಾರುಕಟ್ಟೆಯಲ್ಲಿ ನಡೆಯಬೇಕು. ಕೊಳ್ಳೇಗಾಲದಲ್ಲಿ ಮಾರುಕಟ್ಟೆ ಇದೆಯಾದರೂ ಕೊಳ್ಳುವ ರೀಲರುಗಳು ಕಡಿಮೆಯಾದಷ್ಟೂ ಹರಾಜಿನ ಪೈಪೋಟಿ ಕುಗ್ಗುತ್ತದೆ. ಆಗ ರೈತ ಬಾಡಿಗೆ ಕೊಟ್ಟಾದರೂ ಗೂಡನ್ನು ಏಷ್ಯಾದ ಅತಿದೊಡ್ಡ ಗೂಡಿನ ಮಾರುಕಟ್ಟೆಯೆನಿಸಿದ ರಾಮನಗರಕ್ಕೆ ಒಯ್ಯುತ್ತಾನೆ. ಗೂಡು ಬಾರದಾಗ ಸ್ಥಳೀಯ ರೀಲರ್ ಇನ್ನಷ್ಟು ಸೊರಗುತ್ತಾನೆ. ಈ ಸುಳಿಯ ಮೇಲೆ ಆಮದಿನ ಪೆಟ್ಟು ಬೇರೆ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಲಾಯಿತು, 2013ರಲ್ಲಿ ಅದು ಶೇ. 15ಕ್ಕೆ ಏರಿತು. ಎರಡು ವರ್ಷ ಬೆಲೆ ಕುಸಿದರೆ ದೊಡ್ಡ ರೀಲರ್ ತಾಳಿಕೊಂಡಾನು. ನಾಲ್ಕು ಚರಕದ ಸಣ್ಣ ಘಟಕದವನು ಚರಕ ಮಾರಿ ಬೆಂಗಳೂರಿನ ಬಸ್ಸು ಹತ್ತುತ್ತಾನೆ.

ಸೀರೆಯ ಹೆಸರಿನ ಪ್ರಶ್ನೆಯೂ ಉಂಟು. ಮೈಸೂರು ಸಿಲ್ಕ್, ಇಳಕಲ್ಲು, ಮೊಳಕಾಲ್ಮೂರು ಎಂದರೆ ಗಿರಾಕಿ ಕಣ್ಣರಳಿಸುತ್ತಾನೆ. ಅವುಗಳಿಗೆ ಭೌಗೋಳಿಕ ಸೂಚಿಯ ರಕ್ಷಣೆಯೂ ಇದೆ. ನೇಯ್ಗೆಯಲ್ಲಿ ಏನೂ ಕಡಿಮೆಯಿಲ್ಲದ ಕೊಳ್ಳೇಗಾಲದ ಸೀರೆ ದೊಡ್ಡ ಊರಿನ ಅಂಗಡಿಯಲ್ಲಿ ತನ್ನ ಹೆಸರಿನಿಂದ ಬೆಲೆ ಕೇಳುವ ಸ್ಥಿತಿಗೆ ಬರಲಿಲ್ಲ.

ಅರಿಶಿನದ ಕಥೆಯೂ ಅದೇ. ಇಲ್ಲಿ ಬೇಯಿಸಿ ಒಣಗಿಸಿದ ಕೊಂಬು ಘಟ್ಟ ಇಳಿದು ಈರೋಡಿಗೆ ಹೋಗುತ್ತದೆ. 2019ರಲ್ಲಿ ಈರೋಡ್ ಅರಿಶಿನ ಭೌಗೋಳಿಕ ಸೂಚಿ ಪಡೆಯಿತು. ಅದರ ವ್ಯಾಪ್ತಿ ತಮಿಳುನಾಡಿನ ಪ್ರದೇಶಕ್ಕೆ ಸೀಮಿತ. 2020ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಚಾಮರಾಜನಗರ ಜಿಲ್ಲೆಯ ಉತ್ಪನ್ನವಾಗಿ ಅರಿಶಿನವನ್ನೇ ಆರಿಸಿ, ಘಟಕಗಳಿಗೆ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನವನ್ನು ಗೊತ್ತುಪಡಿಸಲಾಯಿತು. ಪುಡಿ ಮಾಡುವ ಯಂತ್ರಕ್ಕೆ ಅಷ್ಟು ನೆರವು ಸಾಕು. ಆದರೆ ಪುಡಿಯನ್ನು ಕೊಳ್ಳುವ ದೊಡ್ಡ ವ್ಯಾಪಾರಿಗೆ ಪ್ರತಿ ಸರಕಿನ ಪರೀಕ್ಷಾ ವರದಿಯೂ, ವರ್ಷವಿಡೀ ಒಂದೇ ಗುಣಮಟ್ಟವೂ ಬೇಕು. ಒಂಟಿ ಘಟಕಕ್ಕೆ ಅದು ನಿಲುಕದ ಮಾತು.

ಯಾವಾಗಲೂ ಅಂಚಿನಲ್ಲಿ

1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಯ ಕೊನೆಯ ತಾಲ್ಲೂಕಾಗಿದ್ದ ಕೊಳ್ಳೇಗಾಲ ಬಳಿಕ ಮೈಸೂರು ಜಿಲ್ಲೆಯ ಅಂಚಾಯಿತು. 1997ರಲ್ಲಿ ಚಾಮರಾಜನಗರ ಹೊಸ ಜಿಲ್ಲೆಯಾದಾಗಲೂ ಕೇಂದ್ರಸ್ಥಾನ ಪಶ್ಚಿಮಕ್ಕೆ ಉಳಿಯಿತು. ಇತ್ತೀಚೆಗೆ ಕೊಳ್ಳೇಗಾಲದಿಂದ ಬೇರ್ಪಟ್ಟು ತಾಲ್ಲೂಕಾದ ಹನೂರಂತೂ ಅಂಚಿಗೇ ಅಂಚು. ಜಿಲ್ಲೆಗೆ ಬಂದ ದೊಡ್ಡ ಕೈಗಾರಿಕಾ ಪ್ರದೇಶ ನಂಜನಗೂಡಿಗೆ ಹತ್ತಿರದ ಬದನಗುಪ್ಪೆ–ಕೆಲ್ಲಂಬಳ್ಳಿಯಲ್ಲಿ ರೂಪುಗೊಂಡಿತು, ಏಕೆಂದರೆ ರೈಲು ಇರುವುದು ಅತ್ತಲೇ. ಕನಕಪುರ, ಮಳವಳ್ಳಿ, ಕೊಳ್ಳೇಗಾಲಗಳ ಮೂಲಕ ಹೋಗಬೇಕಿದ್ದ 142 ಕಿ.ಮೀ.ಗಳ ಹೆಜ್ಜಾಲ–ಚಾಮರಾಜನಗರ ರೈಲು ಮಾರ್ಗಕ್ಕೆ 1996–97ರಲ್ಲಿ ಮಂಜೂರಾತಿ ದೊರೆತರೂ ಈ ಮೂರು ತಾಲ್ಲೂಕುಗಳು ಇಂದಿಗೂ ರೈಲು ಕಂಡಿಲ್ಲ. ದಕ್ಷಿಣದ ದಿಂಬಂ ಘಟ್ಟದ ಹೆದ್ದಾರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಿತು. ವನ್ಯಜೀವಿಗಳಿಗೆ ಅದು ಅಗತ್ಯ, ನಿಜ. ಲಾರಿ ಬಾಡಿಗೆಯ ಲೆಕ್ಕದಲ್ಲಿ ಅದೂ ಒಂದು ಸಾಲು.

ಇದಕ್ಕೆ ಭಯದ ವರ್ಷಗಳನ್ನೂ ಕೂಡಿಸಬೇಕು. ವೀರಪ್ಪನ್ ಹುಟ್ಟಿದ್ದು ಇಂದಿನ ಹನೂರು ತಾಲ್ಲೂಕಿನ ಗೋಪಿನಾಥಂನಲ್ಲಿ. 1993ರ ಪಾಲಾರ್ ಸ್ಫೋಟದಲ್ಲಿ 22 ಜನ ಸತ್ತರು. 2002ರ ಆಗಸ್ಟ್‌ನಲ್ಲಿ ಮಾಜಿ ಸಚಿವ ಎಚ್. ನಾಗಪ್ಪನವರನ್ನು ಕಾಮಗೆರೆಯ ಅವರ ಮನೆಯಿಂದಲೇ ಅಪಹರಿಸಲಾಯಿತು. ಡಿಸೆಂಬರ್‌ನಲ್ಲಿ ಅವರ ಶವ ದೊರೆಯಿತು. ಮಾಜಿ ಮಂತ್ರಿಗೇ ರಕ್ಷಣೆಯಿಲ್ಲದ ಕಡೆ ಯಾವ ಉದ್ದಿಮೆದಾರ ಬಂಡವಾಳ ಹೂಡಿಯಾನು? 2004ರ ಅಕ್ಟೋಬರ್‌ನಲ್ಲಿ ಆ ಅಧ್ಯಾಯ ಮುಗಿಯಿತು. ಆದರೆ ರಾಜ್ಯದ ಬೇರೆಡೆ ಕೈಗಾರಿಕೆಗಳು ಬೇರೂರಿದ ಒಂದೂವರೆ ದಶಕ ಇಲ್ಲಿ ಕಳೆದುಹೋಗಿತ್ತು. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, ಮಲೆಮಹದೇಶ್ವರ ಬೆಟ್ಟದ ಕಾಡು 2013ರಲ್ಲಿ ವನ್ಯಜೀವಿ ಧಾಮವಾಯಿತು. ಹನೂರಿನಲ್ಲಿ ದೊಡ್ಡ ಕಾರ್ಖಾನೆಗೆ ಜಾಗ ಹುಡುಕುವುದು ಇನ್ನು ಸುಲಭವಲ್ಲ, ಹುಡುಕಬೇಕಾದದ್ದೂ ಅದನ್ನಲ್ಲ.

ಕಲಿತವರು, ಆಳಿದವರು

ಕಲಿತವರ ಮೇಲಿನ ದೂರನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ. 61.43, ರಾಜ್ಯದ ಸರಾಸರಿ ಶೇ. 75.36. ಹಾಗಾಗಿ ‘ವಿದ್ಯಾವಂತರು ತುಂಬಿದ್ದರೂ’ ಎಂಬ ಮಾತು ಪಟ್ಟಣದ ಒಂದು ವರ್ಗಕ್ಕೆ ಮಾತ್ರ ನಿಜ. ಆ ವರ್ಗದ ಪದವೀಧರನಿಗೂ ಇಲ್ಲಿ ಇರುವ ದಾರಿ ಶಿಕ್ಷಕ ವೃತ್ತಿ, ಸರ್ಕಾರಿ ಕಚೇರಿ ಅಥವಾ ಅಂಗಡಿ. ಬಣ್ಣಗಾರಿಕೆ ಕಲಿತ ರಸಾಯನಶಾಸ್ತ್ರಜ್ಞನಿಗೆ ಬಣ್ಣದ ಘಟಕವಿಲ್ಲ. ಯಂತ್ರ ದುರಸ್ತಿ ಕಲಿತ ಐಟಿಐ ಹುಡುಗನಿಗೆ ಯಂತ್ರವಿಲ್ಲ. ಗೂಡು ಹೋದ ದಾರಿಯಲ್ಲಿಯೇ ಅವನೂ ಹೋಗುತ್ತಾನೆ. ಹಬ್ಬಕ್ಕೆ ಬಂದಾಗ ಊರು ಮುಂದುವರಿಯಲಿಲ್ಲವೆಂದು ಕೊರಗುವವನೂ ಅವನೇ.

ಆಳಿದವರ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರು ಗೆದ್ದದ್ದು ಒಂದೇ ಒಂದು ಮತದಿಂದ. ಅಷ್ಟು ಬಿಗಿಯಾದ ಸ್ಪರ್ಧೆಯಲ್ಲಿ ಶಾಸಕನ ಕಣ್ಣು ರಸ್ತೆ, ಸಮುದಾಯ ಭವನ, ಕೊಳವೆಬಾವಿಗಳ ಮೇಲಿರುವುದು ಸಹಜ. ಐದು ವರ್ಷದಲ್ಲಿ ತೋರಿಸಬಹುದಾದದ್ದು ಅವೇ. ನೂಲಿನ ಗುಣಮಟ್ಟ ಸುಧಾರಿಸಿತೆಂದು ಯಾರೂ ಮತ ಕೇಳಿದ್ದಿಲ್ಲ. ಪ್ರಾದೇಶಿಕ ಅಸಮಾನತೆ ಕುರಿತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ರಾಜ್ಯದ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಗುರುತಿಸಿತು. ಆಮೇಲೆ ಬಂದ ಹಣ ಹೆಚ್ಚಾಗಿ ಕಟ್ಟಡವಾಯಿತು. 2025ರ ಏಪ್ರಿಲ್‌ನಲ್ಲಿ ಮಲೆಮಹದೇಶ್ವರ ಬೆಟ್ಟದಲ್ಲಿಯೇ ಸಚಿವ ಸಂಪುಟದ ಸಭೆ ನಡೆಯಿತು. ವರ್ಷವಿಡೀ ಬರುವ ಆ ಬೆಟ್ಟದ ಭಕ್ತರು ದಾರಿಯ ಕೊಳ್ಳೇಗಾಲ, ಹನೂರುಗಳಲ್ಲಿ ಊಟ ಮಾಡುತ್ತಾರೆ, ಬಸ್ಸು ಬದಲಿಸುತ್ತಾರೆ. ಈ ನೆಲದ ಸೀರೆಯನ್ನೋ ಅರಿಶಿನವನ್ನೋ ಕೊಂಡು ಹೋಗುವವರು ವಿರಳ. ಕಾಲಬುಡದಲ್ಲಿರುವ ಈ ಮಾರುಕಟ್ಟೆಗೆ ಯಾವ ಸಂಪುಟದ ನಿರ್ಣಯವೂ ಬೇಕಿಲ್ಲ.

ನಡುವಿನ ಕೊಂಡಿಗೆ ದಾರಿಯೊಂದಿದೆ. ಕಿರು ಮತ್ತು ಸಣ್ಣ ಉದ್ದಿಮೆಗಳ ಕೇಂದ್ರ ಸರ್ಕಾರದ ಕ್ಲಸ್ಟರ್ ಯೋಜನೆಯಡಿ ಸಾಮಾನ್ಯ ಸೌಲಭ್ಯ ಕೇಂದ್ರಕ್ಕೆ ವೆಚ್ಚದ ದೊಡ್ಡ ಪಾಲು ಅನುದಾನವಾಗಿ ಬರುತ್ತದೆ. ಹುರಿ, ಬಣ್ಣ, ನೂಲಿನ ಪರೀಕ್ಷೆ, ಅರಿಶಿನದ ಪ್ರಯೋಗಾಲಯ, ಇವು ಅಂತಹ ಕೇಂದ್ರಕ್ಕೆ ಹೇಳಿಮಾಡಿಸಿದ ಕೆಲಸಗಳು. ಆದರೆ ಅದಕ್ಕೆ ಮೊದಲು ಉದ್ದಿಮೆದಾರರೇ ಒಂದು ಸಂಸ್ಥೆಯಾಗಿ ನೋಂದಾಯಿಸಿಕೊಂಡು, ತಮ್ಮ ಪಾಲಿನ ಹಣ ಕಟ್ಟಬೇಕು. ರೀಲರ್, ನೇಕಾರ, ಸೀರೆ ವ್ಯಾಪಾರಿ ಒಂದೇ ದಾಖಲೆಗೆ ಸಹಿ ಹಾಕಬೇಕು. ಗೂಡಿನ ಬೆಲೆಯ ವಿಷಯದಲ್ಲಿ ಪರಸ್ಪರ ಎದುರಾಳಿಗಳಾದ ಈ ಮೂವರನ್ನು ಒಂದು ಮೇಜಿನ ಸುತ್ತ ಕೂರಿಸುವುದು ಶಾಸಕರ ಕೆಲಸವಲ್ಲ, ವರ್ತಕರ ಸಂಘದ್ದು.