ಕೆಂಪು ಕಣ್ಣು ಮತ್ತು ಥಿನ್ನರಿನ ವಾಸನೆ

ಎರಡು ವರ್ಷಗಳ ಹಿಂದೆ ಒಂದು ದಿನ, ದ್ರವಗಳು ಆವಿಯಾಗುವ ಪಾಠವನ್ನು ಮುಗಿಸಿ ಉಪನ್ಯಾಸಕರ ಕೊಠಡಿಗೆ ಬಂದಾಗ, ನನ್ನ ವಿದ್ಯಾರ್ಥಿಯೊಬ್ಬನ ತಂದೆ ಅಲ್ಲಿ ಕಾದು ಕುಳಿತಿದ್ದರು. "ಸಾರ್, ನಮ್ಮ ಹುಡುಗ ಪಂಚರ್ ಸಲ್ಯೂಷನ್ನೋ ಥಿನ್ನರ್ರೋ ಏನೋ ಮೂಸುವ ಚಟಕ್ಕೆ ಬಿದ್ದಿದ್ದಾನೆ. ಕಣ್ಣು ಕೆಂಪಗಿರುತ್ತೆ, ಊಟ ಸೇರೋದಿಲ್ಲ, ಕದ ಹಾಕಿಕೊಂಡು ಕೂತಿರ್ತಾನೆ" ಎಂದರು. ಹಿಂದಿನ ರಾತ್ರಿ ಎರಡೇಟು ಕೊಟ್ಟೂ ಆಗಿತ್ತಂತೆ. ಹುಡುಗನನ್ನು ಕಣ್ಣಿನ ವೈದ್ಯರಲ್ಲಿಗೆ ಕಳುಹಿಸಿದಾಗ ತಿಳಿದುದಿಷ್ಟೆ: ಅವನಿಗೆ ಕನ್ನಡಕ ಬೇಕಾಗಿತ್ತು, ಪರೀಕ್ಷೆ ಹತ್ತಿರ ಬಂದಿದ್ದುದರಿಂದ ರಾತ್ರಿಯೆಲ್ಲ ಓದುತ್ತಿದ್ದ. ಕನ್ನಡಕ ಬಂದು ಕಣ್ಣು ಸರಿಹೋಯಿತು. ಆದರೆ ತಂದೆಯೊಡನೆ ಅವನು ಮತ್ತೆ ಮಾತನಾಡಲು ಮೂರು ತಿಂಗಳು ಹಿಡಿಯಿತು.

ಆ ತಂದೆಯ ಭಯವೇನೂ ನಿರಾಧಾರವಾದುದಲ್ಲ. ಕೇಂದ್ರ ಸರ್ಕಾರವು ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಮೂಲಕ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಹೀಗೆ ಆವಿಯನ್ನು ಮೂಸುವವರ ಪ್ರಮಾಣ 10ರಿಂದ 17 ವರ್ಷದವರಲ್ಲಿ ಶೇಕಡ 1.17, ವಯಸ್ಕರಲ್ಲಿ ಶೇಕಡ 0.58 ಎಂದು ಕಂಡುಬಂದಿತು. ಮಿಕ್ಕ ಅಮಲು ಪದಾರ್ಥಗಳಲ್ಲಿ ಯಾವುದನ್ನೂ ದೊಡ್ಡವರಿಗಿಂತ ಮಕ್ಕಳೇ ಹೆಚ್ಚಾಗಿ ಬಳಸುವುದಿಲ್ಲ. ಇದೊಂದರಲ್ಲಿ ಮಾತ್ರ ಮಕ್ಕಳು ಮುಂದು. ಕಾರಣ ಸುಲಭ: ಅಂಟು, ಥಿನ್ನರು, ವೈಟ್ನರು, ಪೆಟ್ರೋಲು ಇವೆಲ್ಲ ಕೈಗೆ ಎಟುಕುವಂಥವು, ಅಗ್ಗ.

ಭಯ ಸರಿ, ಆದರೆ ತೀರ್ಮಾನ? ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಒಂದು ಜಿಲ್ಲೆಯಲ್ಲಿ 10,000 ಹುಡುಗ ಹುಡುಗಿಯರಿದ್ದಾರೆನ್ನಿ. ಮೇಲಿನ ಪ್ರಮಾಣದಂತೆ ಅವರಲ್ಲಿ 117 ಮಂದಿ ಮೂಸುವವರು. ಅವರಲ್ಲಿ ಶೇಕಡ 90 ಮಂದಿಯ ಕಣ್ಣು ಕೆಂಪಾಗಿದೆಯೆಂದು ಭಾವಿಸೋಣ. ಅಂದರೆ 105 ಮಂದಿ. ನಿದ್ದೆಗೇಡು, ಧೂಳು, ನೆಗಡಿ, ಮೊಬೈಲು ಮೊದಲಾದುವುಗಳಿಂದ ಉಳಿದ 9,883 ಮಂದಿಯಲ್ಲಿ ಶೇಕಡ 20ರಷ್ಟು ಮಂದಿಗೆ ಕಣ್ಣು ಕೆಂಪಾಗಿರಬಹುದು, ಅದು 1,977. (ಈ 90 ಮತ್ತು 20 ಲೆಕ್ಕಕ್ಕಾಗಿ ನಾನು ಇಟ್ಟುಕೊಂಡ ಸಂಖ್ಯೆಗಳು, ವಾಚಕರು ಬೇರೆ ಸಂಖ್ಯೆಗಳನ್ನು ಹಾಕಿ ನೋಡಬಹುದು.) ಹೀಗೆ ಒಟ್ಟು 2,082 ಕೆಂಪು ಕಣ್ಣಿನವರಲ್ಲಿ ನಿಜವಾಗಿ ಮೂಸುವವರು 105, ಎಂದರೆ 20ಕ್ಕೆ ಒಬ್ಬ. ಕೆಂಪು ಕಣ್ಣೊಂದನ್ನೇ ನಂಬಿ ಕೈಯೆತ್ತಿದ ತಂದೆ 20ರಲ್ಲಿ 19 ಸಲ ನಿರಪರಾಧಿಯನ್ನು ಹೊಡೆದಿರುತ್ತಾನೆ. ಲಕ್ಷಣವು ರೋಗಿಗಳಲ್ಲಿ ಎಷ್ಟು ಸಾಮಾನ್ಯವೆಂಬುದೊಂದೇ ಸಾಲದು, ಆರೋಗ್ಯವಂತರಲ್ಲಿ ಎಷ್ಟು ಸಾಮಾನ್ಯವೆಂಬುದೂ ಗೊತ್ತಿರಬೇಕು.

ಹಾಗಾದರೆ ಯಾವ ಸುಳಿವಿಗೆ ಬೆಲೆ ಕೊಡಬೇಕು? ಇದಕ್ಕೆ ಆವಿಯ ಸ್ವಭಾವವನ್ನೇ ವಿಚಾರಿಸಬೇಕಾಗುತ್ತದೆ. ಥಿನ್ನರು ಮತ್ತು ಹಲವು ಬಗೆಯ ಅಂಟುಗಳಲ್ಲಿರುವ ಟಾಲ್ವೀನ್ ಎಂಬ ದ್ರವ ಕುದಿಯುವುದು ಸುಮಾರು 111 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಆದರೂ ಕೊಠಡಿಯ ಉಷ್ಣತೆಯಲ್ಲಿಯೇ ಅದರ ಅಣುಗಳು ಧಾರಾಳವಾಗಿ ಮೇಲ್ಮೈಯನ್ನು ಬಿಟ್ಟು ಹಾರುತ್ತವೆ. ಒಳಗೆಳೆದುಕೊಂಡ ಆವಿಗೆ ಶ್ವಾಸಕೋಶದಲ್ಲಿ ಸುಮಾರು 70 ಚದರ ಮೀಟರಿನಷ್ಟು ತೆಳುಪೊರೆ ಸಿಕ್ಕುತ್ತದೆ. ಅಲ್ಲಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಹೋಗಲು ಕೆಲವೇ ಸೆಕೆಂಡುಗಳು ಸಾಕು. ಟಾಲ್ವೀನ್ ಕೊಬ್ಬಿನಲ್ಲಿ ಸುಲಭವಾಗಿ ಕರಗುವ ವಸ್ತು; ಮಿದುಳಾದರೋ ಕೊಬ್ಬಿನಂಶ ಹೇರಳವಾಗಿರುವ ಅಂಗ. ವರ್ಷಗಟ್ಟಲೆ ಮೂಸುವವರಲ್ಲಿ ನರತಂತುಗಳ ಸುತ್ತಲಿನ ಕೊಬ್ಬಿನ ಹೊದಿಕೆಯೇ ಹಾಳಾಗಿ, ನಡಿಗೆ, ಮಾತು, ನೆನಪು ಎಲ್ಲವೂ ಕೆಡುತ್ತವೆ.

ಆದರೆ ಒಂದು ಸಲದ ಅಮಲು ಬೇಗ ಏರಿದಂತೆಯೇ ಬೇಗ ಇಳಿಯುತ್ತದೆ. ಸಂಜೆ ಮನೆಗೆ ಬಂದ ಹುಡುಗನ ನಡೆಯಲ್ಲಿ ಯಾವ ವ್ಯತ್ಯಾಸವೂ ಕಾಣದಿರಬಹುದು. ಅಂಗಡಿಯಲ್ಲಿ ದೊರೆಯುವ ಮೂತ್ರಪರೀಕ್ಷೆಯ ಪಟ್ಟಿಗಳೂ ಇಲ್ಲಿ ಕೆಲಸಕ್ಕೆ ಬಾರವು. ಅವು ಗಾಂಜಾ, ಅಫೀಮು ಮೊದಲಾದುವುಗಳನ್ನು ಹುಡುಕುವಂಥವು. ಟಾಲ್ವೀನ್ ದೇಹದಲ್ಲಿ ಹಿಪ್ಯೂರಿಕ್ ಆಮ್ಲವಾಗಿ ಮಾರ್ಪಟ್ಟು ಹೊರಬೀಳುವುದು ನಿಜ. ಆದರೆ ಉಪ್ಪಿನಕಾಯಿ, ಪಾನಕ ಕೆಡದಂತೆ ಹಾಕುವ ಬೆಂಜೊಯೇಟಿನಿಂದಲೂ ಅದೇ ಆಮ್ಲ ಉಂಟಾಗುತ್ತದೆ!

ಆದುದರಿಂದ ಹೆತ್ತವರಿಗೆ ಮೂಗೇ ಒಳ್ಳೆಯ ಉಪಕರಣ. ಉಸಿರಿನಲ್ಲಿ, ಅಂಗಿಯಲ್ಲಿ ಬಣ್ಣದಂಗಡಿಯ ವಾಸನೆ. ಬೆರಳಿನ ಮೇಲೆ, ತುಟಿಯ ಬಳಿ ಬಿಳಿಯ ಅಥವಾ ಬಣ್ಣದ ಕಲೆ. ಮೂಗು ಬಾಯಿಗಳ ಸುತ್ತ ಹುಣ್ಣು. ಚೀಲದಲ್ಲಿ ಖಾಲಿ ಟ್ಯೂಬುಗಳು, ವಾಸನೆ ಹಿಡಿದ ಬಟ್ಟೆಯ ಚೂರು. ಇವು ಆರೋಗ್ಯವಂತರಲ್ಲಿ ಅಪರೂಪ. ಎರಡು ಮೂರು ಒಟ್ಟಿಗೆ ಕಂಡರಂತೂ ಮೇಲಿನ ಲೆಕ್ಕ ತಲೆಕೆಳಗಾಗುತ್ತದೆ. ಮಗ ಬಿಡುವಿನಲ್ಲಿ ಬಣ್ಣ ಬಳಿಯುವ ಅಥವಾ ಪಂಚರ್ ಹಾಕುವ ಕೆಲಸಕ್ಕೆ ಹೋಗುವವನಾದರೆ ಮಾತ್ರ ವಾಸನೆಯನ್ನೂ ನಂಬುವಂತಿಲ್ಲ. ಹಸಿವು, ಕೋಪ, ಓದು, ಗೆಳೆತನ ಇವುಗಳನ್ನು ಪಕ್ಕದ ಮನೆಯ ಹುಡುಗನೊಡನೆ ಹೋಲಿಸಿ ಫಲವಿಲ್ಲ. ಹೋಲಿಸಬೇಕಾದುದು ಆರು ತಿಂಗಳ ಹಿಂದಿನ ಅದೇ ಮಗುವಿನೊಡನೆ.

ಮೂಸುತ್ತಿರುವಾಗಲೇ ಕಣ್ಣಿಗೆ ಬಿದ್ದರೆ? ಇಲ್ಲಿ ಹೆತ್ತವರ ಸಹಜವಾದ ಸಿಟ್ಟೇ ಅಪಾಯಕಾರಿಯಾಗಬಲ್ಲುದು. 1970ರಲ್ಲಿ ಅಮೆರಿಕದ ವೈದ್ಯ ಮಿಲ್ಲರ್ಡ್ ಬಾಸ್ ಎಂಬಾತ ಆವಿಯನ್ನು ಮೂಸಿ ಹಠಾತ್ತನೆ ಸತ್ತ 110 ಮಂದಿ ಎಳೆಯರ ವಿಚಾರವನ್ನು ಪ್ರಕಟಿಸಿದ. ಈ ಆವಿಗಳು ಹೃದಯದ ಸ್ನಾಯುವನ್ನು ಅಡ್ರಿನಲಿನ್ನಿಗೆ ಅತಿಯಾಗಿ ಸ್ಪಂದಿಸುವಂತೆ ಮಾಡುತ್ತವೆ. ಹೆದರಿದಾಗಲೂ ಓಡಿದಾಗಲೂ ರಕ್ತಕ್ಕೆ ನುಗ್ಗುವುದು ಅದೇ ಅಡ್ರಿನಲಿನ್. ಆಗ ಬಡಿತದ ಲಯ ತಪ್ಪಿ ಹೃದಯ ನಿಂತೇಹೋಗಬಹುದು. ಮೊದಲ ಸಲ ಮೂಸಿದವನಿಗೂ ಹೀಗಾಗಬಹುದು. ಆದಕಾರಣ ಕೂಗಬಾರದು, ಅಟ್ಟಿಸಿಕೊಂಡು ಹೋಗಬಾರದು, ಹೊಡೆಯಲೇಬಾರದು. ಬೆಂಕಿ ಹಚ್ಚದೆ, ಕಿಟಕಿ ಬಾಗಿಲುಗಳನ್ನು ತೆರೆದು, ಮೆಲ್ಲಗೆ ಮಾತನಾಡಿ ಕೂರಿಸಬೇಕು. ಪ್ರಜ್ಞೆ ತಪ್ಪಿ ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಬೇಕು. ನಾನು ಭೇಟಿಯಾದ ತಂದೆಯ ಊಹೆ ನಿಜವಾಗಿದ್ದಿದ್ದರೆ, ಆ ಎರಡೇಟು ಏನು ಮಾಡಬಹುದಿತ್ತೆಂದು ನೆನೆದರೆ ಇಂದಿಗೂ ಮೈ ನಡುಗುತ್ತದೆ.

ಮಾತುಕತೆ ಮಾರನೆಯ ದಿನಕ್ಕಿರಲಿ. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ನಾವು ಪದೇ ಪದೇ ಹೇಳುವುದುಂಟು: ಕಂಡುದನ್ನು ಮೊದಲು ಬರೆಯಿರಿ, ಊಹಿಸಿದುದನ್ನು ಆಮೇಲೆ. "ನೀನು ಕೆಟ್ಟುಹೋದೆ" ಎಂಬುದು ಊಹೆ. "ನಿನ್ನ ಅಂಗಿಯಲ್ಲಿ ಥಿನ್ನರಿನ ವಾಸನೆ ಬರ್ತಿದೆಯಲ್ಲಪ್ಪ, ಏನಾಯಿತು?" ಎಂಬುದು ಕಂಡ ಸಂಗತಿ. ಮೊದಲನೆಯದಕ್ಕೆ ಹುಡುಗ ಕೊಡಬಹುದಾದ ಉತ್ತರ ಮೌನ ಅಥವಾ ಸುಳ್ಳು. ಎರಡನೆಯದಕ್ಕೆ ನಿಜವನ್ನೇ ಹೇಳುವ ಸಾಧ್ಯತೆಯುಂಟು. ಕೇಳಿದವರು ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿರಬೇಕು. ನನ್ನ ಅನುಭವದಲ್ಲಿ ಹೆತ್ತವರಿಗೆ ಅತ್ಯಂತ ಕಷ್ಟವಾದುದು ಇದೇ.

ಹುಡುಗ ಒಪ್ಪಿಕೊಂಡರೆ ಮನೆಯಲ್ಲೇ ಕೂಡಿಹಾಕಿ ಚಟ ಬಿಡಿಸುವ ಸಾಹಸ ಬೇಡ. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನಗಳ ಚಿಕಿತ್ಸೆಗೆಂದೇ ಒಂದು ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮಾದಕ ವ್ಯಸನಕ್ಕೆ ಸಂಬಂಧಿಸಿದ ರಾಷ್ಟ್ರೀಯ ಸಹಾಯವಾಣಿ 14446. ಕರೆ ಮಾಡುವವರು ಹೆತ್ತವರೇ ಆಗಿರಬೇಕೆಂದೇನೂ ಇಲ್ಲ. ಗೆಳೆಯನ ಚೀಲದಲ್ಲಿ ಖಾಲಿ ಟ್ಯೂಬುಗಳನ್ನು ಕಂಡು, ಯಾರಿಗೆ ಹೇಳುವುದೆಂದು ತೋಚದೆ ಕುಳಿತ ವಿದ್ಯಾರ್ಥಿಯೂ ಮಾಡಬಹುದು.